ಹನ್ನೊಂದು ಗೀಟು

ಕೆಳಗಿನ ನಿಲ್ದಾಣದಲ್ಲಿ ಲಾಮಾರಾ, ಮೇಲೆ ನಾನು, ಜುಂಬೆರ್.
ನಡುವೆ ಇಮೆರೇತಿಯ ಕಣಿವೆ, ಮ್ಯಾಂಗನೀಸು ತೊಳೆದ ಕಪ್ಪು ಹೊಳೆ,
ಉಕ್ಕಿನ ಹಗ್ಗ, ಅದಕ್ಕೆ ಜೋತ ತೊಟ್ಟಿಲು,
ಕಿವಿ ಹಿಂಡಿದರಷ್ಟೇ ಮಾತಾಡುವ ಫೋನು.

ಪಾಳಿಗೆ ಹನ್ನೊಂದು ಸಲ ತೊಟ್ಟಿಲು ಹತ್ತುತ್ತಿತ್ತು,
ಹನ್ನೊಂದು ಸಲ ಇಳಿಯುತ್ತಿತ್ತು.
ಹತ್ತಿದಾಗೆಲ್ಲ ಅವಳು ದಫ್ತರದಲ್ಲಿ ಒಂದು ಗೀಟೆಳೆಯುವಳು.
ಒಂದು ಸಂಜೆ, ಶಾಯಿ ಆರುವ ಮೊದಲೇ, ಫೋನು:
"ಎಣಿಸಿದ್ದು ಹನ್ನೊಂದು, ಜುಂಬೆರ್.
ಬರೆದದ್ದು ನೋಡಿದರೆ
ಸಾವಿರದ ನೂರ ಹನ್ನೊಂದು ಕೋಟಿ
ಹನ್ನೊಂದು ಲಕ್ಷ
ಹನ್ನೊಂದು ಸಾವಿರದ ನೂರ ಹನ್ನೊಂದು.
ಇಷ್ಟು ಜನರನ್ನು ಯಾವಾಗ ಹತ್ತಿಸಿದೆವು?"

ನಾನು ನಕ್ಕೆ. ಅವಳು ನಗಲಿಲ್ಲ.
ಮಾರನೆಯ ದಿನ ಕೇಳಿದಳು: ಇದು ಒಡೆಯುತ್ತದೋ, ಇಲ್ಲವೋ?

ಮೂರರಿಂದ ಭಾಗಿಸಿದಳು, ಉಳಿದದ್ದು ಎರಡು.
ಏಳರಿಂದಲೂ ಎರಡೇ.
ಹನ್ನೊಂದು, ಇದು ತನ್ನದೇ ಮನೆಯೆಂದು ಒಳಹೊಕ್ಕು
ಹೊಸ್ತಿಲಲ್ಲಿ ಒಂದನ್ನು ಬಿಟ್ಟು ಬಂತು.
ಹದಿಮೂರಕ್ಕೆ ಒಂಬತ್ತು. ಮೂವತ್ತೇಳಕ್ಕೆ, ಸೋಜಿಗ ನೋಡು,
ಮತ್ತದೇ ಹನ್ನೊಂದು.
ದಿನಕ್ಕೆ ನಾಲ್ಕೋ ಐದೋ ಅವಿಭಾಜ್ಯಗಳು,
ಒಂದೊಂದಕ್ಕೂ ಒಂದು ಫೋನು:
"ಇದೂ ಅಲ್ಲ."
"ಬರೆದುಕೊಂಡೆ," ಅನ್ನುವೆ. ಬರೆದುಕೊಳ್ಳುತ್ತಿದ್ದೆ ಕೂಡ.

ಬೇಜಾರಾದ ದಿನ ಅದನ್ನು ಅದರಿಂದಲೇ ಗುಣಿಸಿ
ಬಂದದ್ದನ್ನು ಅಂಕಿ ಅಂಕಿಯಾಗಿ ಓದಿದಳು:
ಒಂದು, ಎರಡು, ಮೂರು, ಹೀಗೆ ಏಳರವರೆಗೆ ಏರಿ
ಥಟ್ಟನೆ ಒಂಬತ್ತಕ್ಕೆ ಜಿಗಿದು
ನೆತ್ತಿಯಲ್ಲಿ ಏನೇನೋ ತಡವರಿಸಿ
ಆಮೇಲೆ ಒಂಬತ್ತು, ಎಂಟು, ಏಳು ಎಂದು ಸರಾಗ ಇಳಿಯುತ್ತದೆ.
"ಹತ್ತದೇ ಇದ್ದ ಎಂಟು ಇಳಿದು ಬಂತಲ್ಲ,
ಅದಕ್ಕೆ ಟಿಕೆಟು ಕೊಟ್ಟವರು ಯಾರು? ನೀನೇ."

ಎರಡನೆಯ ಚಳಿಗಾಲ, ಅವಳು ಏಳು ಸಾವಿರದ ಆಸುಪಾಸಿನಲ್ಲಿದ್ದಾಗ
ಶಾಲೆಯ ಎರೆಕ್ಲೆ ಮೇಷ್ಟ್ರು ಹಿಮ ಕೊಡವುತ್ತ ತೊಟ್ಟಿಲಿನಿಂದ ಇಳಿದರು.
ನನ್ನ ಪಟ್ಟಿ ನೋಡಿ ಪಾಪ ಅಂದರು.
"ಹನ್ನೊಂದು ಒಂದುಗಳನ್ನು ಒಡೆಯುವ ಅವಿಭಾಜ್ಯ
ಯಾವುದಾದರೂ ಇದ್ದರೆ, ಇಪ್ಪತ್ತೆರಡರಿಂದ ಭಾಗಿಸು,
ಒಂದೇ ಉಳಿಯಬೇಕು. ಮಿಕ್ಕವನ್ನು ಮುಟ್ಟುವುದೇ ದಂಡ."

ಹನ್ನೊಂದು ಹತ್ತಿ, ಹನ್ನೊಂದು ಇಳಿದು, ಇಪ್ಪತ್ತೆರಡು.
ಎಲ್ಲ ಇಳಿಸಿದ ಮೇಲೂ ತೊಟ್ಟಿಲಲ್ಲಿ ಉಳಿಯುವ ಒಬ್ಬರು.
ಅಂದರೆ ಹತ್ತರಲ್ಲಿ ಒಂಬತ್ತು ಫೋನು ಬೇಡವೇ ಬೇಡ.
ಲೆಕ್ಕ ನನಗೆ ಚೆನ್ನಾಗಿ ಅರ್ಥವಾಯಿತು.

ಹೇಳಲಿಲ್ಲ.

ನಾಲ್ಕನೆಯ ಚಳಿಗಾಲ. ಕರೆಂಟು ಹೋಗಿ
ತೊಟ್ಟಿಲು ನಟ್ಟನಡುವೆ ನಿಂತಿತು,
ಹಿಟ್ಟಿನ ಮೂಟೆಗಳ ಜೊತೆ ಅವಳೂ ಅದರೊಳಗೆ.
ನಾನು ಕೈಚಕ್ರ ತಿರುಗಿಸುತ್ತ ಬೆವರುತ್ತಿದ್ದೆ, ಫೋನು ಕೂಗಿತು.
"ಏನೂ ಉಳಿದಿಲ್ಲ, ಜುಂಬೆರ್!"
ಹಗ್ಗವೋ, ಬ್ರೇಕೋ, ಉಸಿರೋ? ಎದೆ ಒಡೆದುಹೋಯಿತು.
"ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು!
ಶೇಷ ಸೊನ್ನೆ!"

ಭಾಗಲಬ್ಧ ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು.
ಅದನ್ನು ಮತ್ತೆ ಒಡೆಯುವ ಗೋಜಿಲ್ಲ;
ಒಡೆಯಬಲ್ಲ ಪುಟ್ಟವರೆಲ್ಲ
ಮೊದಲ ಚಳಿಗಾಲದಲ್ಲೇ ಬಾಗಿಲು ತಟ್ಟಿ ವಾಪಸಾಗಿದ್ದರು.
ರಾತ್ರಿ ಎರಡನ್ನೂ ಇಪ್ಪತ್ತೆರಡರಿಂದ ಭಾಗಿಸಿದೆ.
ಎರಡರಲ್ಲೂ ಒಂದೊಂದು ಉಳಿಯಿತು.

ವಸಂತಕ್ಕೆ ಪಾಳಿ ಉದ್ದವಾಯಿತು, ಹದಿಮೂರು ಸಲ.
ದಫ್ತರದಲ್ಲಿ ಹದಿಮೂರು ಗೀಟು. ನಾನು ಹೊಸ ನೋಟುಬುಕ್ಕು ತಂದೆ,
ಇನ್ನೂರು ಹಾಳೆಯದು.
ಅದೇ ಸಂಜೆ, ಚಹಾ ಆರುವ ಮೊದಲು:
"ಐವತ್ತಮೂರು. ಒಡೆಯಿತು."
ಅಷ್ಟೆ.

ಮೂರು ವಾರ ಫೋನು ತನ್ನ ಮೊಳೆಗೆ ನೇತಾಡಿಕೊಂಡಿತ್ತು.
ಗಾಲಿ ತಿರುಗಿತು, ಜನ ಬಂದರು, ಹೋದರು.
ಎರೆಕ್ಲೆ ಮೇಷ್ಟ್ರನ್ನು ತಡೆದು ಒಂದು ಮಾತು ಕೇಳಿದೆ.
ಅವರು ಮೀಸೆಯಲ್ಲೇ ನಕ್ಕು ಹೇಳಿದರು:
"ಅದಾ? ಇಪ್ಪತ್ತು ಲಕ್ಷ ದಾಟುವವರೆಗೆ
ಒಂದು ಬಿರುಕೂ ಸಿಗದು ಕಣಯ್ಯ."

ಅವರು ತಿರುವು ದಾಟುವವರೆಗೆ ಕಾದು
ಫೋನಿನ ಕಿವಿ ಹಿಂಡಿದೆ.
"ಲಾಮಾರಾ,
ಹದಿನೇಳು ಗೀಟು ಎಳೆದು ನೋಡಿದ್ದೀಯಾ?"